ಓದುಗರ ಪ್ರಶ್ನೆ: ಖಗ್ರಾಸ ಗ್ರಹಣಕ್ಕೆ ಕೈರೋ ಸಾಕೇ?

ಪ್ರಶ್ನೆ: 2027ರ ಆಗಸ್ಟ್ 2ರ ಖಗ್ರಾಸ ಸೂರ್ಯಗ್ರಹಣವನ್ನು ನೋಡಬೇಕೆಂದು ನಾನು, ನಮ್ಮ ಯಜಮಾನರು ಮತ್ತು ಅತ್ತೆಯವರು ಈಜಿಪ್ಟ್ ಪ್ರವಾಸದ ಯೋಚನೆಯಲ್ಲಿದ್ದೇವೆ. ಪ್ರವಾಸ ಏರ್ಪಡಿಸುವವರು ಕೊಟ್ಟ ಪಟ್ಟಿಯಲ್ಲಿ ಆ ದಿನ ಕೈರೋದ ಪಿರಮಿಡ್‌ಗಳ ಭೇಟಿಯಿದೆ. ಅಲ್ಲಿಂದಲೂ ಸೂರ್ಯ ಬಹುಪಾಲು ಮುಚ್ಚಿದ್ದು ಕಾಣುತ್ತದೆ ಎನ್ನುತ್ತಾರೆ. ಅಷ್ಟು ಸಾಕೇ? ಗ್ರಹಣಕಾಲದಲ್ಲಿ ಹೊರಗೆ ಬರಲು ಅತ್ತೆಯವರು ಹಿಂಜರಿಯುತ್ತಾರೆ. ಅವರಿಗೆ ಏನು ಹೇಳಲಿ?
— ಒಬ್ಬ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ಉತ್ತರ: ಸಾಲದು. ಹಣ ಕಟ್ಟುವ ಮೊದಲೇ ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಚಂದ್ರನ ದಟ್ಟ ನೆರಳು ಹಾದುಹೋಗುವ ಪಟ್ಟಿಯೊಳಗೆ ನಿಂತವರಿಗೆ ಮಾತ್ರ ಖಗ್ರಾಸ ಗ್ರಹಣ ಕಾಣುತ್ತದೆ. ಕೈರೋ ಆ ಪಟ್ಟಿಯ ಹೊರಗಿದೆ, ಈಜಿಪ್ಟಿನ ದಕ್ಷಿಣದ ಲಕ್ಸರ್ ನಗರ ಒಳಗಿದೆ. ಸೂರ್ಯನ ಬಿಂಬವು ಅದರ ಸುತ್ತಲಿನ ಮಂದ ಬಿಳಿಯ ಪ್ರಭಾವಲಯವಾದ ಕರೋನಾಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಪ್ರಖರವಾದುದರಿಂದ, ಬಿಂಬದ ನೂರರಲ್ಲಿ ಒಂದು ಪಾಲು ಉಳಿದರೂ ಕರೋನಾ ಕಣ್ಣಿಗೆ ಬೀಳುವುದಿಲ್ಲ. 2019ರ ಡಿಸೆಂಬರ್ 26ರ ಬೆಳಿಗ್ಗೆ, ಮಂಗಳೂರಿನಲ್ಲಿ ಕಂಕಣ ಗ್ರಹಣವಾದಾಗ, ದಾವಣಗೆರೆಯಲ್ಲಿ ಸೂರ್ಯನ ಶೇಕಡಾ 80ಕ್ಕೂ ಹೆಚ್ಚು ಭಾಗ ಮುಚ್ಚಿತ್ತು. ಆದರೂ ಬೆಳಕು ಮಂಕಾಯಿತೇ ಹೊರತು ಕತ್ತಲಾಗಲಿಲ್ಲ. ಅದಕ್ಕೂ ಹಿಂದೆ, 1980ರ ಫೆಬ್ರವರಿ 16ರಂದು ಖಗ್ರಾಸದ ಪಟ್ಟಿ ಹುಬ್ಬಳ್ಳಿ ಮತ್ತು ರಾಯಚೂರಿನ ಕಡೆಯಿಂದ ಹಾದುಹೋಯಿತು, ದಾವಣಗೆರೆ ಹೊರಗುಳಿಯಿತು. ಅತ್ತೆಯವರಿಗೆ ಆ ದಿನ ನೆನಪಿರಬಹುದು; ಊರೂರಲ್ಲಿ ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದ ದಿನವದು.

ಹೀಗಾಗಿ ಪ್ರವಾಸದ ಉಳಿದ ದಿನಗಳನ್ನು ಹೇಗೆ ಬೇಕಾದರೂ ಹೊಂದಿಸಿಕೊಳ್ಳಿ, ಆಗಸ್ಟ್ 2ರಂದು ಮಾತ್ರ ಲಕ್ಸರ್‌ನಲ್ಲಿಯೇ ಇರಿ. ಕೈರೋದಿಂದ ಅಲ್ಲಿಗೆ ವಿಮಾನದಲ್ಲಿ ಸುಮಾರು ಒಂದು ಗಂಟೆಯ ಹಾದಿ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಅಲ್ಲಿ ಆರು ನಿಮಿಷಕ್ಕೂ ಹೆಚ್ಚು ಕಾಲ ಸೂರ್ಯ ಪೂರ್ತಿ ಮರೆಯಾಗಿರುತ್ತಾನೆ. ಇಷ್ಟು ದೀರ್ಘ ಖಗ್ರಾಸ ಅಪರೂಪ. ಜುಲೈ ಮೊದಲ ವಾರದ ಆಸುಪಾಸಿನಲ್ಲಿ ಭೂಮಿ ಸೂರ್ಯನಿಂದ ಅತಿ ದೂರದಲ್ಲಿರುವುದರಿಂದ ಆಗಸ್ಟ್ ಆರಂಭದಲ್ಲಿಯೂ ಸೂರ್ಯನ ಬಿಂಬ ತುಸು ಚಿಕ್ಕದಾಗಿ ಕಾಣುತ್ತದೆ. ಅದೇ ಸಮಯಕ್ಕೆ ಚಂದ್ರ ಭೂಮಿಗೆ ಹತ್ತಿರವಿದ್ದು ದೊಡ್ಡದಾಗಿ ಕಾಣುತ್ತಾನೆ.

ಆಗ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುವುದರಿಂದ ಕತ್ತೆತ್ತಿ ನಿಲ್ಲುವುದು ಕಷ್ಟ. ಒಂದು ಜಮಖಾನ ಒಯ್ದು ಮಲಗಿಕೊಂಡೇ ನೋಡಿ. ಕೊನೆಯ ಕಿರಣ ಉಂಗುರದ ಹರಳಿನಂತೆ ಮಿನುಗಿ ಆರುವವರೆಗೂ ಗ್ರಹಣದ ಕನ್ನಡಕ ತೆಗೆಯಬಾರದು. ಅದು ಆರಿದ ಮೇಲೆ ತೆಗೆಯಲೇಬೇಕು, ಏಕೆಂದರೆ ಆ ಕನ್ನಡಕದಲ್ಲಿ ಕರೋನಾ ಕಾಣುವುದೇ ಇಲ್ಲ. ಬಿಳಿಯ ಎಳೆಗಳು ಕಪ್ಪು ಬಿಂಬದ ಸುತ್ತ ಹರಡಿರುವುದು, ನಡುಹಗಲಿನಲ್ಲಿ ಶುಕ್ರ ಹೊಳೆಯುವುದು, ದಿಗಂತದ ಸುತ್ತಲೂ ಸಂಜೆಯ ಕೆಂಪು ಹಬ್ಬುವುದು, ಇವೆಲ್ಲ ಬರಿಗಣ್ಣಿಗೇ ದಕ್ಕುವ ನೋಟಗಳು. ದಯವಿಟ್ಟು ಆ ಆರು ನಿಮಿಷಗಳನ್ನು ಮೊಬೈಲಿಗೆ ಕೊಡಬೇಡಿ. ಮತ್ತೆ ಬೆಳಕು ಚಿಮ್ಮಿದ ಕ್ಷಣವೇ ಕನ್ನಡಕ ಕಣ್ಣಿಗೇರಬೇಕು. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ಸಗಣಿ ನೀರಿನ ಪ್ರತಿಬಿಂಬ ಯಾವುದೂ ಸುರಕ್ಷಿತವಲ್ಲ.

ಅತ್ತೆಯವರೊಡನೆ ವಾದ ಮಾಡಬೇಡಿ. ಗ್ರಹಣದ ಬೆಳಕಿನಲ್ಲಿ ಹೊಸ ವಿಷವೇನೂ ಇರುವುದಿಲ್ಲ, ನಿತ್ಯದ ಬಿಸಿಲೇ ಕಡಿಮೆಯಾಗಿ ಬರುತ್ತದೆ ಎಂದು ತಿಳಿಸಿ. ಅವರು ಉಪವಾಸವಿರಲಿ, ಜಪ ಮಾಡಲಿ, ಗ್ರಹಣ ಬಿಟ್ಟ ಮೇಲೆ ಸ್ನಾನವನ್ನೂ ಮಾಡಲಿ. ಯಾವುದೂ ನೋಡುವುದಕ್ಕೆ ಅಡ್ಡಿಯಲ್ಲ. ನನಗೆ ಚಿಂತೆಯಿರುವುದು ಅಲ್ಲಿನ ಸೆಕೆಯ ಬಗ್ಗೆ. ಆಗಸ್ಟ್‌ನಲ್ಲಿ ಲಕ್ಸರ್‌ನ ಮಧ್ಯಾಹ್ನದ ತಾಪಮಾನ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದರಿಂದ, ಉಪವಾಸವಿದ್ದರೂ ಅವರು ನೀರು ಬಿಡದಂತೆ ನೋಡಿಕೊಳ್ಳಿ, ನೆರಳಿರುವ ಜಾಗವನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಿ.

ನಿಮ್ಮ ಶಾಲೆಯ ಮಕ್ಕಳಿಗೂ ಅಂದು ಸಂಜೆ ದಾವಣಗೆರೆಯಲ್ಲಿ ಸಣ್ಣ ಪಾರ್ಶ್ವ ಗ್ರಹಣವಿದೆ. ಮಳೆಗಾಲದ ಮೋಡ ಸರಿದರೆ, ಅಡುಗೆಮನೆಯ ಜರಡಿಯನ್ನು ಬಿಸಿಲಿಗೆ ಹಿಡಿದು ಕೆಳಗೆ ಬಿಳಿ ಹಾಳೆಯಿಟ್ಟರೆ ತೂತು ತೂತಿಗೂ ಒಂದೊಂದು ಕಚ್ಚಿದ ಸೂರ್ಯ ಮೂಡುತ್ತಾನೆ. ಹೊರಡುವ ಮೊದಲು ಅವರಿಗೆ ಇದನ್ನು ಕಲಿಸಿ ಹೋಗಿ.