ಗೇಹಜಿ ಓಡಿದ ದಾರಿ

ಉಡುಪಿಯ ಓದುಗರೊಬ್ಬರ ಪತ್ರ: "ಅಮ್ಮನಿಗೆ 68. ಸಕ್ಕರೆ ಕಾಯಿಲೆ. ಆರು ತಿಂಗಳಿಂದ ಹೊಸದೊಂದು ಕೂಟಕ್ಕೆ ಹೋಗುತ್ತಿದ್ದಾರೆ. ಅಲ್ಲಿನ ಪಾಸ್ಟರ್ 500 ರೂಪಾಯಿ ತೆಗೆದುಕೊಂಡು ಅಭಿಷೇಕದ ಎಣ್ಣೆ ಕೊಟ್ಟು, ಮಾತ್ರೆ ನುಂಗುವುದು ಅವಿಶ್ವಾಸ ಅಂದರಂತೆ. ಏನಾದರೂ ಕೇಳಿದರೆ 'ಅಭಿಷಿಕ್ತರ ತಂಟೆಗೆ ಹೋಗಬೇಡ' ಎಂದು ಅಮ್ಮನೇ ನನ್ನ ಬಾಯಿ ಮುಚ್ಚಿಸುತ್ತಾರೆ. ಸುಳ್ಳು ಬೋಧಕರನ್ನು ಗುರುತಿಸುವುದು ಹೇಗೆ?"

ಪ್ರಿಯ ಸಹೋದರಿ,

ನಿಮ್ಮ ಅಮ್ಮ ಯಾವತ್ತಾದರೂ ಕಿವಿರು ಎತ್ತಿ ನೋಡದೆ ಬಂಗುಡೆ ತಂದದ್ದುಂಟೇ? ಹಾಗೆ ನೋಡಿದರೆ ಮೀನು ಮಾರುವವಳಿಗೆ ಸಿಟ್ಟೂ ಬರುವುದಿಲ್ಲ. ತಾಜಾ ಇದ್ದರೆ ಅವಳೇ ಎತ್ತಿ ತೋರಿಸುತ್ತಾಳೆ. ಬೆರೋಯ ಊರಿನವರು ಅಪೊಸ್ತಲ ಪೌಲನ ಮಾತು ಹೌದೋ ಅಲ್ಲವೋ ಎಂದು ದಿನಾ ಶಾಸ್ತ್ರ ಬಿಚ್ಚಿ ನೋಡಿದರು. ಬೈಬಲಿನ ಅಪೊಸ್ತಲರ ಕೃತ್ಯಗಳು 17ರಲ್ಲಿ ಅದಕ್ಕೆ ಸಿಕ್ಕಿದ್ದು ಬೈಗುಳವಲ್ಲ, ಹೊಗಳಿಕೆ. ಅಭಿಷಿಕ್ತರ ಮಾತು ಬರುವುದು 105ನೇ ಕೀರ್ತನೆಯಲ್ಲಿ. ನೆಲೆಯಿಲ್ಲದೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರೆಂಬ ಪಿತೃಗಳಿಗೆ ಅರಸರು ಕೇಡು ಮಾಡಬಾರದು ಎಂಬ ಅರ್ಥದಲ್ಲಿ. ಬೋಧಕನನ್ನು ಪ್ರಶ್ನಿಸಬಾರದು ಎಂದು ಅಲ್ಲಿಲ್ಲ.

ಇನ್ನು ಆ 500 ರೂಪಾಯಿ. ಎರಡನೇ ಅರಸುಗಳು 5ನೇ ಅಧ್ಯಾಯವನ್ನು ಅಮ್ಮನ ಜೊತೆ ಕೂತು ಓದಿ. ಪ್ರವಾದಿ ಎಲೀಷನ ಮಾತಿನಂತೆ ನಡೆದು ಕುಷ್ಠ ವಾಸಿಯಾದ ಸಿರಿಯಾದ ಸೇನಾಪತಿ ನಾಮಾನ ಕೊಡಲು ತಂದದ್ದು ಹತ್ತು ತಲಾಂತು ಬೆಳ್ಳಿ, ಆರು ಸಾವಿರ ಶೆಕೆಲ್ ಬಂಗಾರ (ತಲಾಂತು, ಶೆಕೆಲ್ ಅಂದರೆ ಆಗಿನ ಕಾಲದ ತೂಕಗಳು). ಎಲೀಷ ಬಿಡಿಗಾಸನ್ನೂ ಮುಟ್ಟಲಿಲ್ಲ. ಅವನ ಆಳು ಗೇಹಜಿಗೆ ಜೀವ ತಡೆಯಲಿಲ್ಲ. ರಥದ ಹಿಂದೆ ಓಡಿದ, ಬಡ ಪ್ರವಾದಿಮಂಡಲಿಯ ಇಬ್ಬರು ಹುಡುಗರು ಬಂದಿದ್ದಾರೆಂದು ಸುಳ್ಳು ಹೇಳಿದ, ಒಂದು ತಲಾಂತು ಕೇಳಿ ಎರಡು ಹೊರಿಸಿಕೊಂಡು ಬಂದ. ವಾಸಿಮಾಡಿದವನು ದೇವರು, ಬಿಲ್ಲು ವಸೂಲಿ ಗೇಹಜಿಯದು! ಆದಿಸಭೆಯ ಕೈಪಿಡಿ ದಿದಖೆ ಇನ್ನೂ ಒರಟು: ಊರೂರು ಸುತ್ತುವ ಅಪೊಸ್ತಲ ಹೊರಡುವಾಗ ದಾರಿಗೆ ರೊಟ್ಟಿ ಕೊಡಿ, ದುಡ್ಡು ಕೇಳಿದರೆ ಅವನು ಸುಳ್ಳು ಪ್ರವಾದಿ. ಮೂರು ದಿನ ಠಿಕಾಣಿ ಹೂಡಿದರೂ ಅದೇ ತೀರ್ಪು. (ಇದನ್ನು ಇಂದು ಅಕ್ಷರಶಃ ಹಿಡಿದರೆ ನಮ್ಮ ಸಭಾಪಾಲಕರಲ್ಲಿ ಎಷ್ಟು ಮಂದಿ ಉಳಿದಾರು ಎಂಬುದು ಬೇರೆ ಮಾತು.)

ಹೊಸ ಕೂಟವಾದ ಮಾತ್ರಕ್ಕೆ ಸುಳ್ಳು, ಹಳೆಯ ಸಭೆಯಾದ ಮಾತ್ರಕ್ಕೆ ಸತ್ಯ ಎಂದೇನಿಲ್ಲ. ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಹಿಂದೊಮ್ಮೆ ರೋಗಶಾಂತಿ ಕೂಟವೊಂದರ ಜಾಹೀರಾತನ್ನು ಇದೇ ಪತ್ರಿಕೆಯಲ್ಲಿ ಇಡೀ ಪುಟ ಹಾಕಿದ್ದೆ. ಆ ತಿಂಗಳು ಕಾಗದದ ಸಾಲ ತೀರಿಸಬೇಕಿತ್ತು. ಬೋಧಕ ಯಾರು, ಯಾವ ಸಭೆಗೆ ಲೆಕ್ಕ ಕೊಡುತ್ತಾನೆ, ಒಂದನ್ನೂ ಕೇಳಲಿಲ್ಲ. ಗೇಹಜಿಯ ಹಿಂದೆ ನಾನೂ ನಾಲ್ಕು ಹೆಜ್ಜೆ ಓಡಿದ್ದೇನೆ.

ಎಣ್ಣೆಯ ವಿಷಯಕ್ಕೆ ಬರೋಣ. ಯಾಕೋಬನ ಪತ್ರ 5:14 ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಲು ಹೇಳುತ್ತದೆ, ನಿಜ. ಆದರೆ ಅಲ್ಲಿ ರೋಗಿ ಹೇಳಿಕಳಿಸುತ್ತಾನೆ, ಸಭೆಯ ಹಿರಿಯರು ಅವನಿದ್ದಲ್ಲಿಗೆ ಬರುತ್ತಾರೆ, ಬಾಟಲಿಗೆ ಕ್ರಯವಿಲ್ಲ. ಅಮ್ಮ ಮಂಡಿನೋವಿನಿಂದ ಎರಡು ತಿಂಗಳು ಆರಾಧನೆಗೆ ಬಾರದಿದ್ದಾಗ ನಿಮ್ಮ ಸಭೆಯಿಂದ ಯಾರೂ ಬಾಗಿಲಿಗೆ ಬರಲಿಲ್ಲ ಎಂದು ಪತ್ರದ ಕೊನೆಗೆ, ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಅದೇ ಮೊದಲ ಸಾಲಾಗಬೇಕಿತ್ತು. ಕೂಟದವರು ಬಂದರು, ಪಕ್ಕದಲ್ಲಿ ಕೂತರು, ಕೈ ಹಿಡಿದು ಪ್ರಾರ್ಥಿಸಿದರು. ಅಮ್ಮ ಹೋದದ್ದು ಬೋಧನೆ ಕೇಳಿಯಲ್ಲ.

ಹಾಗಾಗಿ ಅಮ್ಮನೊಡನೆ ವಾದಕ್ಕೆ ಇಳಿಯಬೇಡಿ. ಸಭೆಯ ಹಿರಿಯರಿಗೆ ಹೇಳಿಕಳಿಸಿ. ಬರಲಿಲ್ಲವಾದರೆ ಹೋಗಿ ಕರೆತನ್ನಿ. ಔಷಧವನ್ನು ಅವಿಶ್ವಾಸ ಅನ್ನುವವರಿಗೆ ಉಡುಪಿಯಲ್ಲೇ ಉತ್ತರವಿದೆ: 1923ರಲ್ಲಿ ವೈದ್ಯೆ ಎವಾ ಲೊಂಬಾರ್ಡ್ ಇಲ್ಲಿ ಮಿಶನ್ ಆಸ್ಪತ್ರೆ ತೆರೆದದ್ದು ನಂಬಿಕೆ ಕಮ್ಮಿಯಾಗಿ ಅಲ್ಲ. ಪೌಲನ ಜೊತೆಗಾರ ಲೂಕನೂ ವೈದ್ಯನೇ.

ಮಾತ್ರೆ ಬಿಟ್ಟು ಎಷ್ಟು ದಿನವಾಯಿತೆಂದು ನೀವು ಬರೆದಿರಲಿಲ್ಲ. ಪತ್ರಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಅದಲ್ಲವಾದ್ದರಿಂದ ನಿನ್ನೆಯೇ ನಿಮಗೆ ಫೋನ್ ಮಾಡಿದೆ. ನಾಳೆ ಡಾಕ್ಟರರಲ್ಲಿಗೆ ಹೋಗುವಾಗ ಹಳೆಯ ಚೀಟಿ ಮರೆಯಬೇಡಿ. ಬಾಟಲಿಯನ್ನು ಎಸೆದು ಅಮ್ಮನ ಮನಸ್ಸು ನೋಯಿಸುವುದೂ ಬೇಡ. ವಾಸನೆಗೆ ತೆಂಗಿನೆಣ್ಣೆಯಂತಿದೆ ಎಂದಿರಲ್ಲ, ತಲೆಗೆ ಹಚ್ಚಿಕೊಳ್ಳಲಿ.

— ಸಂಪಾದಕ