ಮತಾಂತರ ಆದ್ಮೇಲೆ ಗುಲಾಮಗಿರಿ ಸರಿ ಅನ್ಸುತ್ತಾ?

ಪ್ರಶ್ನೆ: ನನ್ನ ಫ್ರೆಂಡ್ ಒಬ್ಬ ಕ್ರೈಸ್ತ ಧರ್ಮಕ್ಕೆ ಸೇರಿದ್ದಾನೆ. ಮೊದ್ಲು ಗುಲಾಮಗಿರಿ ಅಂದ್ರೆ ಸಿಡಿದು ಬೀಳ್ತಿದ್ದೋನು ಈಗ "ಬೈಬಲ್ ಕಾಲದ್ದು ಅಷ್ಟೇನೂ ಕ್ರೂರ ಇರ್ಲಿಲ್ಲ, ಅದನ್ನ ನಿಲ್ಲಿಸಿದ್ದೂ ಕ್ರೈಸ್ತರೇ" ಅಂತಾನೆ. ಧರ್ಮ ಬದಲಾದ್ರೆ ಸರಿ-ತಪ್ಪಿನ ಲೆಕ್ಕಾನೂ ಬದಲಾಗುತ್ತಾ?

ಉತ್ತರ: ಬದಲಾಗುತ್ತೆ, ಆದ್ರೆ ಯಾವ ಕಡೆಗೆ ಅಂತ ಮೊದ್ಲೇ ಹೇಳೋಕಾಗಲ್ಲ. ಜಾನ್ ನ್ಯೂಟನ್ ಗೊತ್ತಲ್ಲ, 'ಅಮೇಜಿಂಗ್ ಗ್ರೇಸ್' ಅನ್ನೋ ಕ್ರೈಸ್ತ ಭಕ್ತಿಗೀತೆ ಬರೆದೋನು, 1748ರಲ್ಲಿ ಬಿರುಗಾಳಿಗೆ ಸಿಕ್ಕ ಹಡಗಲ್ಲಿ ದೇವರ ಕಡೆ ತಿರುಗಿದ, ಆಮೇಲೇನೇ ಗುಲಾಮರ ಹಡಗಿಗೆ ಕ್ಯಾಪ್ಟನ್ ಆದ! ಭಾನುವಾರ ಹಡಗಿನ ಮೇಲ್ಗಡೆ ನಾವಿಕರ ಜತೆ ಎರಡು ಸಲ ಪ್ರಾರ್ಥನೆ, ಕೆಳಗೆ ಒಬ್ಬನ ಬಲಗೈ ಬಲಗಾಲು ಇನ್ನೊಬ್ಬನ ಎಡಗೈ ಎಡಗಾಲಿಗೆ ಸೇರಿಸಿ ಬೇಡಿ ಹಾಕಿದ ಜನ. 1754ರಲ್ಲಿ ಅವನು ಸಮುದ್ರ ಬಿಟ್ಟಿದ್ದು ಕಾಯಿಲೆ ಬಿದ್ದಿದ್ದಕ್ಕೆ, ಪಶ್ಚಾತ್ತಾಪದಿಂದ ಅಲ್ಲ. ಈ ವ್ಯಾಪಾರ ಪಾಪ ಅಂತ ಬಹಿರಂಗವಾಗಿ ಬರೆದಿದ್ದು 1788ರಲ್ಲಿ, ಅಂದ್ರೆ 40 ವರ್ಷ ಬೇಕಾಯ್ತು.

ಇದಕ್ಕಿಂತ ನನ್ನನ್ನ ಕಾಡೋದು ಥಾಮಸ್ ಆಲ್ಡ್‌ನ ಕಥೆ. ಅಮೆರಿಕದ ಮೇರಿಲ್ಯಾಂಡ್‌ನ ಧಣಿ, 1832ರಲ್ಲಿ ಮೆಥಡಿಸ್ಟ್ ಅನ್ನೋ ಕ್ರೈಸ್ತ ಪಂಗಡದ ಕೂಟಕ್ಕೆ ಹೋಗಿ ಭಕ್ತ ಆದ. ಅವನ ಗುಲಾಮನಾಗಿದ್ದ, ಮುಂದೆ ಗುಲಾಮಗಿರಿ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್, ಇನ್ನಾದ್ರೂ ನಮ್ಮನ್ನ ಬಿಡ್ತಾನೆ, ಇಲ್ಲಾಂದ್ರೆ ಸ್ವಲ್ಪ ಕರುಣೆನಾದ್ರೂ ತೋರಿಸ್ತಾನೆ ಅಂತ ಆಸೆ ಇಟ್ಕೊಂಡಿದ್ರು. ಆಗಿದ್ದು ಉಲ್ಟಾ. ಚಿಕ್ಕವಳಿದ್ದಾಗ ಬೆಂಕಿಗೆ ಬಿದ್ದು ಕೈ ಸುಟ್ಕೊಂಡಿದ್ದ ಹೆಣ್ಣುಮಗಳೊಬ್ಬಳನ್ನ ಕಟ್ಟಿಹಾಕಿ ರಕ್ತ ಬರೋವರೆಗೆ ಚಾಟಿಯಲ್ಲಿ ಹೊಡೀತಿದ್ದ, ಹೊಡೀತಾ ಬೈಬಲ್ ವಚನ ಹೇಳ್ತಿದ್ದ. ಮೊದ್ಲು ಕ್ರೌರ್ಯಕ್ಕೆ ಅವನ ಕೆಟ್ಟತನ ಮಾತ್ರ ಇತ್ತು, ಈಗ ದೇವರ ಅಪ್ಪಣೆನೂ ಸಿಕ್ತು.

ಹೊಸದಾಗಿ ನಂಬಿದೋರಿಗೆ ಗ್ರಂಥದಲ್ಲಿ ಒಂದು ತಪ್ಪು ಒಪ್ಕೊಂಡ್ರೂ ತನ್ನ ನಿರ್ಧಾರನೇ ತಪ್ಪು ಅಂದಂಗೆ ಆಗುತ್ತೆ, ಅದಕ್ಕೇ ಸಮರ್ಥನೆ ಶುರುವಾಗುತ್ತೆ ಅಂತ ನನಗನ್ಸುತ್ತೆ. ಬೈಬಲ್‌ನ ಯಾಜಕಕಾಂಡ 25ನೇ ಅಧ್ಯಾಯದಲ್ಲಿ ಬೇರೆ ಜನಾಂಗದವರನ್ನ ಕೊಂಡ್ಕೊಂಡು ಮಕ್ಕಳಿಗೆ ಆಸ್ತಿಯಾಗಿ ಬಿಡಬಹುದು ಅಂತ ಸ್ಪಷ್ಟವಾಗೇ ಇದೆ, ಅದನ್ನ ಮೃದು ಮಾಡೋಕೆ ಹೋಗೋದು ಸರಿಯಲ್ಲ.

ನಿಲ್ಲಿಸಿದ್ದು ಕ್ರೈಸ್ತರು ಅನ್ನೋದು ಅರ್ಧ ಸತ್ಯ. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ಬ್ರಿಟಿಷ್ ಸಂಸದ ವಿಲ್ಬರ್‌ಫೋರ್ಸ್ 1785ರ ಹೊತ್ತಿಗೆ ಭಕ್ತರಾದ್ರು, 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರ ನಿಷೇಧಿಸ್ತು, ಇದು ನಿಜ. ಆದ್ರೆ ದೀಕ್ಷಾಸ್ನಾನ ಆದ್ರೂ ಗುಲಾಮ ಗುಲಾಮನೇ ಅಂತ 1667ರಲ್ಲಿ ಕಾನೂನು ಮಾಡಿದ ಅಮೆರಿಕದ ವರ್ಜೀನಿಯಾದವರೂ ಕ್ರೈಸ್ತರೇ. ಕ್ವೇಕರ್ ಅನ್ನೋ ಕ್ರೈಸ್ತ ಪಂಗಡದಲ್ಲೂ ಗುಲಾಮರನ್ನ ಇಟ್ಕೊಂಡೋರು ಇದ್ರು. ತಾನೂ ಕ್ವೇಕರ್ ಆಗಿದ್ದ ಜಾನ್ ವುಲ್ಮನ್ ಅಂಥವರ ಮನೇಲಿ ಉಳ್ಕೊಂಡಾಗ ತನ್ನ ಸೇವೆ ಮಾಡಿದ ಗುಲಾಮರಿಗೆ ಕೂಲಿ ದುಡ್ಡು ಕೊಡ್ತಿದ್ರು, ಆ ಮನೆಯವರಿಗೆ ಎಷ್ಟು ಮುಜುಗರ ಆಗಿರಬೇಕು! ಕೊನೆಗೆ 1776ರಲ್ಲಿ ಫಿಲಡೆಲ್ಫಿಯಾ ಕ್ವೇಕರ್‌ಗಳು ಗುಲಾಮರನ್ನ ಇಟ್ಕೊಂಡೋರಿಗೆ ನಮ್ಮಲ್ಲಿ ಜಾಗ ಇಲ್ಲ ಅಂದ್ರು. ಮನಸ್ಸು ಬದಲಾಯಿಸೋದು ಇಂಥ ಒತ್ತಡ, ಬರೀ ನಂಬಿಕೆ ಸಾಲಲ್ಲ.

ಫ್ರೆಂಡ್ ಜತೆ ವಚನಕ್ಕೆ ವಚನ ಎಸೆದು ಜಗಳ ಆಡ್ಬೇಡಿ. ಡಗ್ಲಸ್ 1845ರಲ್ಲಿ ಬರೆದ ಆತ್ಮಕಥೆ ಕೊಡಿ, ಕೊನೆಯ ಅನುಬಂಧ ತಪ್ಪದೆ ಓದೋಕೆ ಹೇಳಿ. ಅವರೂ ಕ್ರೈಸ್ತರೇ, ಧಣಿಗಳ ಧರ್ಮಕ್ಕೂ ಕ್ರಿಸ್ತನ ಧರ್ಮಕ್ಕೂ ಎಷ್ಟು ದೂರ ಅಂತ ಅಲ್ಲಿ ಖಡಾಖಂಡಿತ ಬರೆದಿದ್ದಾರೆ.