ಭಾಷಣ ಸಾಕು, ಜೊತೆಗೆ ನಡೀರಿ

ನಿಮ್ಮ ಪತ್ರ ಓದಿದೆ. ಅಂಗದಾನದ ಬಗ್ಗೆ ಡಾಕ್ಟರನ್ನ ಕರೆಸಿ ಭಾಷಣ ಇಟ್ಟಿದ್ರಿ, ಹಾಲ್ ತುಂಬಿತ್ತು, ಆದ್ರೆ ಪ್ರಶ್ನೆ ಇದ್ರೆ ಕೇಳಿ ಅಂದಾಗ ಒಬ್ರೂ ಬಾಯಿ ಬಿಡ್ಲಿಲ್ಲ, ನಮ್ಮ ಜನಕ್ಕೆ ಆಸಕ್ತಿನೇ ಇಲ್ವಾ ಅಂತ ಬೇಜಾರಾಗಿ ಕೇಳಿದೀರಿ.

ಆಸಕ್ತಿ ಇಲ್ಲ ಅಂತ ನನಗನ್ಸಲ್ಲ. ತಮ್ಮ ಸಾವಿನ ವಿಷಯ ಅದು, ಅಷ್ಟು ಜನರ ಮಧ್ಯೆ ಮೈಕ್ ಹಿಡ್ಕೊಂಡು ಯಾರು ಕೇಳ್ತಾರೆ ಹೇಳಿ? ಬ್ರೈನ್ ಡೆಡ್ (ಮಿದುಳು ಪೂರ್ತಿ ಸತ್ತಿದೆ) ಅಂದ್ರೂ ಎದ್ದು ಬರ್ಬೋದಾ, ದೇಹ ವಿಕಾರ ಆಗುತ್ತಾ, ಅಂಗದಾನದ ಕಾರ್ಡ್ ಮಾಡಿಸಿದ್ರೆ ಡಾಕ್ಟ್ರು ಉಳಿಸೋ ಪ್ರಯತ್ನ ಅರ್ಧಕ್ಕೇ ಬಿಡ್ತಾರಂತೆ ಹೌದಾ, ಇವೆಲ್ಲ ಎಲ್ಲರ ಮನಸ್ಸಲ್ಲೂ ಇರುತ್ತೆ, ಪಕ್ಕದಲ್ಲಿ ನಡೀತಿರೋರ ಹತ್ರ ಆದ್ರೆ ತಾನಾಗೇ ಆಚೆ ಬರುತ್ತೆ.

ಹಾಗಾಗಿ ಮುಂದಿನ ಸಲ ಒಂದು ವಾಕ್ ಇಟ್ಕೊಳಿ. ಕಿಡ್ನಿನೋ ಲಿವರ್ರೋ ಕಸಿ ಮಾಡಿಸ್ಕೊಂಡೋರು ಯಾರಾದ್ರೂ ಖುಷಿಯಿಂದ ಬರೋದಾದ್ರೆ ಕರೀರಿ. ಮಧ್ಯ ದಾರೀಲಿ ಅವರ ಫೋನಲ್ಲಿ ಅಲಾರಂ ಹೊಡಿಯುತ್ತೆ, ನಿಂತು ನೀರು ಕುಡಿದು ಮಾತ್ರೆ ನುಂಗ್ತಾರೆ, ಯಾಕೆ ಅಂತ ಪಕ್ಕದೋರು ಕೇಳೇ ಕೇಳ್ತಾರೆ. ಹೊಸ ಅಂಗವನ್ನ ದೇಹ ಹೊರಗಿನದು ಅಂತ ತಿರಸ್ಕರಿಸದೇ ಇರ್ಲಿ ಅಂತ ಆ ಮಾತ್ರೆ, ದಿನಾ ಅದೇ ಟೈಮಿಗೆ, ಜೀವನಪೂರ್ತಿ. ಅಲ್ಲಿಂದ ಮಾತು ಎಲ್ಲಿಗೆ ಬೇಕಾದ್ರೂ ಹೋಗುತ್ತೆ. ಕಸಿ ಮಾಡಿಸ್ಕೊಂಡೋರಿಗೇ ಅಂತ ವಿಶ್ವ ಮಟ್ಟದ ಕ್ರೀಡಾಕೂಟ ಇದೆ ಗೊತ್ತಾ, ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ 1978ರಲ್ಲಿ ಶುರುವಾಗಿದ್ದು, ಓಡೋರನ್ನ ಈಜೋರನ್ನ ಕಣ್ಣಾರೆ ನೋಡಿದ್ಮೇಲೆ ಜನಕ್ಕೆ ಬೇರೆ ಪುರಾವೆ ಬೇಕಾಗಲ್ಲ.

ಡಾಕ್ಟರೂ ಜೊತೆಗೇ ನಡೀಲಿ. ಬ್ರೈನ್ ಡೆತ್ ಬಗ್ಗೆ ಮಾತ್ರ ಅವಸರ ಮಾಡದೆ ಬಿಡಿಸಿ ಹೇಳ್ಬೇಕು, ಜನ ಎಡವೋದೇ ಅಲ್ಲಿ. ಕೋಮಾದಲ್ಲಿ ಮಿದುಳು ಇನ್ನೂ ಜೀವಂತ, ಕೆಲವರು ಎದ್ದು ಬರ್ತಾರೆ. ಬ್ರೈನ್ ಡೆತ್ ಆದ್ರೆ ಸ್ವಂತವಾಗಿ ಒಂದು ಉಸಿರೂ ಎಳೆಯೋಕಾಗಲ್ಲ, ಡಾಕ್ಟ್ರು ಅದನ್ನ ಪರೀಕ್ಷೆ ಮಾಡೇ ಘೋಷಿಸ್ತಾರೆ, ಅಲ್ಲಿಂದ ವಾಪಸ್ ಬರೋದು ಅಂತ ಇಲ್ಲ. ಹಾಗೆ ಘೋಷಿಸೋ ಡಾಕ್ಟ್ರು ಕಸಿ ಮಾಡೋ ತಂಡದವರಾಗಿರಬಾರದು ಅನ್ನೋದೇ ಪದ್ಧತಿ. ಆದ್ರೆ ವೆಂಟಿಲೇಟರ್ ಇರೋದ್ರಿಂದ ಎದೆ ಏರಿಳಿತಾ ಇರುತ್ತೆ, ಕೈ ಮುಟ್ಟಿದ್ರೆ ಬೆಚ್ಚಗಿರುತ್ತೆ, ಸತ್ತಿದಾರೆ ಅಂದ್ರೆ ಯಾವ ತಾಯಿ ನಂಬ್ತಾಳೆ?

ಅದೇ ಹೊತ್ತಲ್ಲಿ ಅಂಗದಾನಕ್ಕೆ ಒಪ್ತೀರಾ ಅಂತ ಮನೆಯವರನ್ನ ಕೇಳ್ತಾರೆ, ಅವರಿಗೆ ಜಾಸ್ತಿ ಟೈಮೂ ಇರಲ್ಲ. ಸ್ಪೇನಲ್ಲಿ 1979ರ ಕಾನೂನು ಪ್ರಕಾರ ಬೇಡ ಅಂತ ಹೇಳದೇ ಇದ್ದೋರೆಲ್ಲ ದಾನಿಗಳೇ, ಆದ್ರೂ ಅಲ್ಲೂ ಮನೆಯವರನ್ನ ಕೇಳೇ ಮುಂದುವರೀತಾರೆ. ಅದಕ್ಕೇ ಎಷ್ಟು ಫಾರ್ಮ್ ತುಂಬಿತು ಅಂತ ಎಣಿಸ್ತಾ ಕೂರ್ಬೇಡಿ. ಕಾರ್ಡ್ ಪರ್ಸಲ್ಲಿದ್ದು ಹೆಂಡ್ತಿಗೆ ಗೊತ್ತಿಲ್ಲ ಅಂದ್ರೆ ಏನು ಪ್ರಯೋಜನ? ವಾಕ್ ಮುಗಿಸಿ ಹೋದೋರು ಅವತ್ತೇ ರಾತ್ರಿ ಮನೇಲಿ ಒಂದು ಮಾತು ಎತ್ತಿದ್ರೆ ನಿಮ್ಮ ಕಾರ್ಯಕ್ರಮ ಗೆದ್ದ ಹಾಗೆ.

ನಡೆಯೋಕಾಗದೋರಿಗೆ ಗಿಡ ನೆಡೋದೋ, ಬಟ್ಟೆ ತುಂಡುಗಳನ್ನ ಸೇರಿಸಿ ಹೊಲಿಯೋದೋ ಇಟ್ಕೊಳಿ, ಕೈಗೆ ಕೆಲಸ ಇದ್ರೆ ಸಾಕು. ದಾನ ಮಾಡಿದ ಕುಟುಂಬದೋರು ಬಂದ್ರೆ ದಯವಿಟ್ಟು ಶಾಲು ಹೊದಿಸಿ ಮಾತಾಡಿ ಅಂತ ಒತ್ತಾಯ ಮಾಡ್ಬೇಡಿ, ಅವರ ದುಃಖ ಇನ್ನೂ ಹಸಿಯಾಗಿರುತ್ತೆ. ಯಾರಾದ್ರೂ ನಂಗೆ ಇದು ಬೇಡ ಅಂದ್ರೆ ವಾದಕ್ಕೂ ಇಳೀಬೇಡಿ. ಆ ಬೇಡ ಅನ್ನೋದನ್ನೂ ಮನೆಯವರಿಗೆ ಹೇಳಿಡಿ ಅನ್ನಿ, ನಾಳೆ ಅವರ ಪರವಾಗಿ ಉತ್ತರ ಕೊಡ್ಬೇಕಾಗಿರೋದು ಮನೆಯವರೇ ತಾನೆ.